ಬ್ರಿಜ್ ಮೇಲಿನವ್ರು, ಬ್ರಿಜ್ ಕೆಳಗಿನವ್ರು: ಒಂದು ಕಾಲುವೆ ಜಗಳದ ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡ್ತೀನಿ, ಈ ಪ್ರಕರಣದಲ್ಲಿ ನಾನು ಹೊರಗಿನವನಲ್ಲ. ನಮ್ಮಪ್ಪಂದು, ದೊಡ್ಡಪ್ಪಂದು ಹೊಲ ಇರೋದು ರಾಯಚೂರು ಜಿಲ್ಲೆ ಮಾನ್ವಿ ಕಡೆ, ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆಯ ಕಟ್ಟಕಡೆಗೆ, ಪೇಪರಿನವ್ರು ವರ್ಷಕ್ಕೊಂದ್ಸಲ ಬರೀತಾರಲ್ಲ 'ಟೇಲ್ ಎಂಡ್ ರೈತರ ಗೋಳು' ಅಂತ, ಆ ಗೋಳಿನವ್ರು ನಾವೇ. ನಾನು ಓದಿದ್ದು ಮನಶ್ಶಾಸ್ತ್ರ, ಕೆಲಸ ಅತಿಥಿ ಉಪನ್ಯಾಸಕ, ಸಂಬಳ ಬಂದಾಗ ಬಂತು. ಹೆನ್ರಿ ತಾಜ್‌ಫೆಲ್ ಅನ್ನೋ ಸಾಮಾಜಿಕ ಮನೋವಿಜ್ಞಾನಿ ಬಗ್ಗೆ ಹತ್ತು ಮಾರ್ಕಿನ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟು ನೋಟ್ಸ್ ಬರೆಸಿ ಮುಂದಿನ ಪಾಠಕ್ಕೆ ಹೋಗ್ತಿದ್ದೆ. ಜನ 'ನಾವು', 'ಅವ್ರು' ಅಂತ ಯಾಕೆ ಗುಂಪಾಗಿ ಒಡೀತಾರೆ ಅಂತ ಆ ಮನುಷ್ಯ ಜೀವನಪೂರ್ತಿ ಕೆದಕಿದ ಪ್ರಶ್ನೆ ನಮ್ಮ ಕಾಲುವೆ ಏರಿ ಮೇಲೇ ಕುಂತಿತ್ತು ಅನ್ನೋದು ತಲೆಗೆ ಹೋಗಿದ್ದು 2023ರ ಬರಗಾಲದಲ್ಲಿ. ಊರುಗಳ ಹೆಸರು, ಜನರ ಹೆಸರು ಯಾವುದೂ ಹಾಕಿಲ್ಲ, ನಾಳೆ ನಾನು ಊರಿಗೆ ಹೋಗಬೇಕು.

ಪ್ರಕರಣ ಅಂದ್ರೆ ಇಷ್ಟು. ಆ ವರ್ಷ ಮಳೆ ಕೈಕೊಟ್ಟಿತ್ತು, ಡ್ಯಾಂ ತುಂಬಿರ್ಲಿಲ್ಲ, ಎರಡನೇ ಬೆಳೆ ಮಾತು ಬಿಡು, ನಿಂತ ಬೆಳೆ ಕೈಗೆ ಬಂದ್ರೆ ಸಾಕು ಅನ್ನೋ ಪರಿಸ್ಥಿತಿ. ಅಂಥಾ ಹೊತ್ತಲ್ಲಿ ಮೇಲಿನ ಊರಿಗೂ ಕೆಳಗಿನ ಊರಿಗೂ ಇಬ್ಬರಿಗೂ ಸ್ವಲ್ಪ ಜಾಸ್ತಿ ನೀರು ಸಿಗೋ ಒಂದು ದಾರಿ ಕಾಣ್ತು, ಅದನ್ನ ಬೇಡ ಅಂದವ್ರು ನಮ್ಮ ಕಡೆಯವ್ರೇ, ಅಂದ್ರೆ ನೀರಿಲ್ಲದೆ ಸಾಯ್ತಿದ್ದವ್ರೇ. ಯಾಕೆ ಬೇಡ ಅಂದ್ರು, ನಾಲ್ಕು ತಿಂಗಳಾದ ಮೇಲೆ ಹೆಂಗೆ ಒಪ್ಪಿದ್ರು, ಒಪ್ಪಿದ್ದು ಎಲ್ಲಿಗೆ ಬಂತು.

ಜಾಗದ ಬಗ್ಗೆ

ಗೊತ್ತಿಲ್ಲದವ್ರಿಗೆ ಎರಡು ಮಾತು. ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ ಜಿಲ್ಲೆ ಮುನಿರಾಬಾದಲ್ಲಿ ಶುರುವಾಗಿ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆ ಬರ್ತದೆ, 227 ಕಿಲೋಮೀಟರ್. ಡ್ಯಾಂ ಕೆಲಸ ಶುರುವಾಗಿದ್ದು 1945ರಲ್ಲಿ, ನೀರು ಬಿಟ್ಟಿದ್ದು 1953ರಲ್ಲಿ. ಯೋಜನೆ ಮಾಡಿದವ್ರ ಲೆಕ್ಕದಲ್ಲಿ ಇದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಮಾಡಿದ ಕಾಲುವೆ, ಭತ್ತಕ್ಕೆ ಸ್ವಲ್ಪ ಮಾತ್ರ. ಆದ್ರೆ ಮೇಲ್ಭಾಗದಲ್ಲಿ ಕೈಗೆ ಸಿಕ್ಕಿದ ನೀರಿಗೆ ಭತ್ತ ಹಾಕೋದು ರೂಢಿಯಾಯ್ತು, ರೈಸ್ ಮಿಲ್ಲುಗಳು ಎದ್ದವು, ಗಂಗಾವತಿ ಭತ್ತದ ಕಣಜ ಆಯ್ತು, ಆ ಕಣಜದ ನೀರಿನ ಬಿಲ್ಲು ಕಟ್ಟಿದ್ದು ಕೊನೆ ಭಾಗ. ಇದರಲ್ಲಿ ನನ್ನ ಹೊಟ್ಟೆಕಿಚ್ಚು ಎಷ್ಟು, ಸತ್ಯ ಎಷ್ಟು ಅಂತ ನೀವೇ ಜಾಲಾಡ್ಕೊಳ್ಳಿ.

ಇದೇ ಕಥೆ ಸಣ್ಣದಾಗಿ ಪ್ರತಿ ಉಪಕಾಲುವೆ ಮೇಲೂ ನಡೀತದೆ. ನಮ್ಮದರ ಮೇಲೆ ಒಂಬತ್ತು ಊರು, ನಡುವೆ ಒಂದು ಬ್ರಿಜ್, ಎತ್ತಿನ ಗಾಡಿ ದಾಟ್ಲಿ ಅಂತ ಹಳೇ ಕಾಲದಲ್ಲಿ ಕಟ್ಟಿದ್ದು, ಈಗ ಟ್ರ್ಯಾಕ್ಟರ್ ಬಂದ್ರೆ ಒಂದು ಕಡೆಯವ್ರು ನಿಲ್ಲಬೇಕು. ಬ್ರಿಜ್‌ನಿಂದ ಆಚೆ ಐದು ಊರು 'ಮ್ಯಾಲಿನವ್ರು', ಈಚೆ ನಾಲ್ಕು ಊರು 'ಕೆಳಗಿನವ್ರು'. ನೀರಿನ ಲೆಕ್ಕದಲ್ಲಿ ಈ ಬ್ರಿಜ್‌ಗೆ ಯಾವ ಅರ್ಥವೂ ಇಲ್ಲ. ಅಲ್ಲಿ ಗೇಟಿಲ್ಲ, ಕಾಲುವೆ ಸಣ್ಣದಾಗಲ್ಲ, ಮಣ್ಣು ಬದಲಾಗಲ್ಲ. ಬ್ರಿಜ್‌ಗಿಂತ ಸ್ವಲ್ಪ ಮೇಲೆ ಒಂದು ತೂಬು, ಸ್ವಲ್ಪ ಕೆಳಗೆ ಒಂದು ತೂಬು, ನಡುವೆ ಹೆಚ್ಚಂದ್ರೆ ಒಂದು ಬೀಡಿ ಸೇದೋವಷ್ಟು ದೂರ. ಎರಡಕ್ಕೂ ಬರೋ ನೀರು ಹೆಚ್ಚುಕಡಿಮೆ ಒಂದೇ. ಆ ಎರಡು ತೂಬಿನ ಗದ್ದೆಯವ್ರು ಬೀಗರು ಬೇರೆ, ಇವ್ರ ಮಗಳನ್ನ ಅವ್ರ ಮನೆಗೆ ಕೊಟ್ಟಾರ.

ಆದ್ರೆ ಜಗಳದ ಟೈಮಲ್ಲಿ ಈ ಇಬ್ಬರನ್ನ ಮಾತಾಡಿಸಿ ನೋಡಿ. ಮೇಲಿನ ಬೀಗರಿಗೆ ಕಂಠಮಟ ನೀರು, ಕೆಳಗಿನ ಬೀಗರಿಗೆ ಬರಿ ಕೆಸರು, ಹಂಗಂತ ಇಬ್ಬರೂ ನಂಬಿದ್ರು. ಕೆಳಗಿನವ್ರು ತಮಗೆ ಮೋಸ ಆಗೈತಿ ಅಂತ ನಂಬಿದ್ರು, ಮೇಲಿನವ್ರು ತಮ್ಮದು ಭಾಗ್ಯದ ಜಾಗ ಅಂತ ನಂಬಿದ್ರು. ನಾನು ಕೋಲು ಊರಿ ಇಬ್ಬರ ತೂಬಿನ ಮುಂದೆ ನೀರಿನ ಆಳ ತೋರಿಸ್ದೆ, ನಾಲ್ಕು ಬೆರಳಿನ ವ್ಯತ್ಯಾಸ ಇರ್ಲಿಲ್ಲ, ಕೆಳಗಿನ ಬೀಗರು ಕೋಲು ನೋಡಿ ಹೇಳಿದ್ದು, "ಇವತ್ತು ಹಂಗೈತಿ, ನೀ ಬಂದೀ ಅಂತ."

ತಾಜ್‌ಫೆಲ್ ಮೊದಲು ಹೆಸರು ಮಾಡಿದ್ದೇ ಇಂಥಾ ವಿಷಯದಿಂದ, ಮನುಷ್ಯರಿಂದ ಅಲ್ಲ, ಗೆರೆಗಳಿಂದ. 1963ರಲ್ಲಿ ವಿಲ್ಕ್ಸ್ ಅನ್ನೋರ ಜೊತೆ ಪ್ರಕಟಿಸಿದ ಪ್ರಯೋಗ. ಎಂಟು ಗೆರೆ, ಒಂದಕ್ಕಿಂತ ಒಂದು ಒಂಚೂರು ಉದ್ದ. ಉದ್ದ ಎಷ್ಟು ಅಂತ ಅಂದಾಜು ಹೇಳಬೇಕು, ಅಷ್ಟೇ. ಬರೀ ಗೆರೆ ತೋರಿಸಿದಾಗ ಜನ ಸರಿಯಾಗೇ ಹೇಳಿದ್ರು. ಗಿಡ್ಡ ನಾಲ್ಕರ ಮೇಲೆ 'ಎ' ಅಂತ, ಉದ್ದ ನಾಲ್ಕರ ಮೇಲೆ 'ಬಿ' ಅಂತ ಚೀಟಿ ಹಚ್ಚಿದಾಗ ನಾಲ್ಕನೇ ಗೆರೆಗೂ ಐದನೇ ಗೆರೆಗೂ ನಡುವಿನ ಅಂತರ ಕಣ್ಣಿಗೆ ದೊಡ್ಡದಾಗಿಬಿಡ್ತು, ಇದ್ದದ್ದಕ್ಕಿಂತ ಹೆಚ್ಚು. ಗೆರೆಗೆ ಜಾತಿ ಇಲ್ಲ, ಊರಿಲ್ಲ, ಹಳೇ ಸೇಡಿಲ್ಲ, ಬರೀ ಒಂದು ಚೀಟಿ. ನಮ್ಮ ಬೀಗರು ಆ ನಾಲ್ಕನೇ, ಐದನೇ ಗೆರೆ, ಬ್ರಿಜ್ಜೇ ಚೀಟಿ.

ಈ ಚೀಟಿ ವಿಷಯ ಆತನಿಗೆ ಯಾಕೆ ಅಷ್ಟು ಅಂಟ್ಕೊಂಡಿತ್ತು ಅನ್ನೋದಕ್ಕೆ ಆತನ ಬದುಕು ನೋಡಬೇಕು. 1919ರಲ್ಲಿ ಪೋಲೆಂಡಿನ ವ್ಲೊತ್ಸ್ವಾವೆಕ್ ಅನ್ನೋ ಊರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ್ದು. ಅಲ್ಲಿ ಯಹೂದಿ ಹುಡುಗರಿಗೆ ಯೂನಿವರ್ಸಿಟಿ ಸೀಟು ಸಿಗೋದು ಕಷ್ಟ, ಅದಕ್ಕೆ ಫ್ರಾನ್ಸ್‌ಗೆ ಹೋಗಿ ಕೆಮಿಸ್ಟ್ರಿ ಓದೋಕೆ ಸೇರ್ಕೊಂಡ. ಯುದ್ಧ ಶುರುವಾಯ್ತು, ಫ್ರೆಂಚ್ ಸೈನ್ಯಕ್ಕೆ ಸೇರಿದ, 1940ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಮುಂದಿನ ಐದು ವರ್ಷ ಯುದ್ಧಕೈದಿ ಕ್ಯಾಂಪುಗಳಲ್ಲಿ, ತಾನು ಪೋಲೆಂಡಿನ ಯಹೂದಿ ಅನ್ನೋದನ್ನ ಮುಚ್ಚಿಟ್ಟು, ಫ್ರೆಂಚ್ ಪ್ರಜೆ ಅಂತ ಹೇಳ್ಕೊಂಡು ಬದುಕಿದ. ಕಾವಲುಗಾರನ ಜೊತೆ ಎಷ್ಟೇ ಸಲಿಗೆ ಇದ್ದರೂ, ಯಾವ ಗುಂಪಿನವನು ಅನ್ನೋ ಆ ಒಂದು ಮಾತು ಹೊರಬಿದ್ದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಯುದ್ಧ ಮುಗಿಸಿ ವಾಪಸ್ ಬಂದಾಗ ಮನೆಯವರಲ್ಲಿ, ಗೆಳೆಯರಲ್ಲಿ ಹೆಚ್ಚಿನವ್ರು ಉಳಿದಿರ್ಲಿಲ್ಲ. ಆಮೇಲೆ ಕೆಲವು ವರ್ಷ ನಿರಾಶ್ರಿತರ ಪುನರ್ವಸತಿ ಕೆಲಸ, ಆಮೇಲೆ ಇಂಗ್ಲೆಂಡ್, ಮೂವತ್ತು ದಾಟಿದ ಮೇಲೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಲ್ಲಿ ಮನಶ್ಶಾಸ್ತ್ರದ ಡಿಗ್ರಿ. ಸ್ಕಾಲರ್‌ಶಿಪ್ ಸಿಕ್ಕಿದ್ದು ಪೂರ್ವಗ್ರಹದ ಬಗ್ಗೆ ಬರೆದ ಒಂದು ಪ್ರಬಂಧಕ್ಕೆ. ಈ ವಿಷಯದಲ್ಲಿ ಪ್ರಬಂಧ ಬರೆಯೋಕೆ ಆತನಿಗೆ ಲೈಬ್ರರಿ ಬೇಕಾಗಿರ್ಲಿಲ್ಲ ಅನ್ನಿಸ್ತದೆ.

ಮೊದಲ ಮೀಟಿಂಗು

2023ರ ಅಕ್ಟೋಬರ್. ಕಾಲುವೆ ಐದು ದಿನ ಆನ್, ಐದು ದಿನ ಆಫ್ ನಡೀತಿತ್ತು. ಬ್ರಿಜ್ ಹತ್ರ ಹಣಮಪ್ಪನ ಗುಡಿ ಕಟ್ಟೆ ಮೇಲೆ ಮೀಟಿಂಗು, ನನ್ನನ್ನ ಕರೆದಿದ್ದು ಬರ್ಕೊಳ್ಳೋಕೆ, ಅಕ್ಷರ ಚೆಂದ ಅಂತ. ಇಂಜಿನಿಯರ್ ಸಾಹೇಬ್ರು, ಹೊಸಬ್ರು, ಕೈಯಲ್ಲಿ ನಕ್ಷೆ ಹಿಡ್ಕೊಂಡು ಒಂದು ಮಾತು ಇಟ್ಟರು. ಕಾಲುವೆ ತುಂಬಾ ಹೂಳು, ಜೊಂಡು, ಆಫ್ ಇರೋ ದಿನಗಳಲ್ಲಿ ಎಲ್ಲ ಊರಿನವ್ರು ಎಕರೆ ಲೆಕ್ಕದಲ್ಲಿ ವಂತಿಗೆ ಹಾಕಿ ಜೆಸಿಬಿ ತಂದು ತೆಗೆಸಿದ್ರೆ ಹರಿವು ಏರ್ತದೆ, ಉಳಿದ ಹಂಗಾಮಿನಲ್ಲಿ ಬ್ರಿಜ್ ಮೇಲಿನವ್ರಿಗೆ ಸುಮಾರು ಐದು ದಿನದ ನೀರು ಹೆಚ್ಚು ಸಿಕ್ಕಂಗೆ, ಕೆಳಗಿನವ್ರಿಗೆ ಮೂರು ದಿನದ್ದು. ಇದು ಅವ್ರ ಅಂದಾಜು.

ಅದಕ್ಕೆ ನಮ್ಮ ಕಡೆಯಿಂದ ಬಂದ ಉತ್ತರ ಬೇರೆ. ಹೂಳು ಆಮೇಲೆ ನೋಡೋಣ, ಮೇಲಿನವ್ರು ಕಾಲುವೆಗೆ ಕದ್ದು ಇಳಿಬಿಟ್ಟ ಪೈಪು, ಮೋಟರು ಮೊದಲು ಕೀಳಿಸ್ರಿ. ಸಾಹೇಬ್ರು ಅದಕ್ಕೂ ಲೆಕ್ಕ ಹಾಕಿ ಹೇಳಿದ್ರು, ಕೀಳಿಸಬಹುದು, ಆದ್ರೆ ಹೂಳು ಹಂಗೇ ಇದ್ದರೆ ಕೆಳಗೆ ಬಂದು ಮುಟ್ಟೋದು ಒಂದು ದಿನದ ನೀರು ಅಷ್ಟೇ, ಮೇಲಿನವ್ರಿಗೆ ಮಾತ್ರ ನಾಲ್ಕು ದಿನದ್ದು ಹೋಗ್ತದೆ. ನಮ್ಮವ್ರು ಒಕ್ಕೊರಲಿನಿಂದ, "ಅದನ್ನ ಮಾಡ್ರಿ." ಎರಡನ್ನೂ ಒಟ್ಟಿಗೆ ಮಾಡೋಣ ಅಂತ ಸಾಹೇಬ್ರು ಬಾಯಿ ತೆಗೆಯೋದ್ರೊಳಗೆ ಯಾರೋ ಯಾರಿಗೋ "ನಿಮ್ಮ ಅಪ್ಪನ ಕಾಲುವೆ ಏನು" ಅಂದ, ಮೀಟಿಂಗು ಮುಗೀತು.

ಸಂಜೆ ಹೋಟೆಲಲ್ಲಿ ದೊಡ್ಡಪ್ಪನ ಮುಂದೆ ಕುಂತೆ. ಯೂರಿಯಾ ಬಿಲ್ಲಿನ ಹಿಂದೆ ಪೆನ್ನಿನಿಂದ ಎರಡು ಸಾಲು ಬರ್ದೆ. ಮೊದಲನೇದು ನಮಗೆ 3, ಅವ್ರಿಗೆ 5. ಎರಡನೇದು ನಮಗೆ 1, ಅವ್ರಿಗೆ ಕಳೆಯುವ 4. ದೊಡ್ಡಪ್ಪ ಚಾದ ಬಸಿ ಕೆಳಗಿಟ್ಟು ಎರಡನೇ ಸಾಲಿನ ಮೇಲೆ ಬೆರಳಿಟ್ಟ.

"ದೊಡ್ಡಪ್ಪಾ, ಒಂದು ದಿನದ ನೀರಿಗೆ ಮೆಣಸಿನಗಿಡ ಉಳಿಯಂಗಿಲ್ಲ. ಮೂರು ದಿನ ಆದ್ರ ಉಳೀತಾವ."

"ಒಣಗ್ಲಿ ಬಿಡೋ. ಅವರ ಭತ್ತನೂ ಒಣಗ್ಲಿ."

ನಾನು ಇನ್ನೊಂದು ಕೇಳ್ದೆ, ಇದು ನನಗೆ ಆಗ ಹೊಳೆದದ್ದು, ಪಾಠದಲ್ಲಿ ಬರೆಸಿದ್ದಲ್ಲ. "ಆತು, ಆ ಐದು ದಿನದ ನೀರು ಬ್ರಿಜ್ ಮ್ಯಾಲಿನವ್ರಿಗೆ ಹೋಗಂಗಿಲ್ಲ. ಬಾಜೂ ಕಾಲುವಿ ಊರಿಗೆ ಹೋಗ್ತೈತಿ ಅನ್ಕೋ. ನಮಗ ಮೂರು, ಅವರಿಗೆ ಐದು."

"ಹೋಗ್ಲಿ. ಅವರಿಗೂ ನಮಗೂ ಏನೈತಿ? ಮೂರು ತಗೋ."

ಅದೇ ಮೂರು, ಅದೇ ಐದು. ಎದುರಿಗೆ ಯಾರಿದ್ದಾರೆ ಅನ್ನೋದಷ್ಟೇ ಬದಲಾಗಿದ್ದು. ತಾಜ್‌ಫೆಲ್ ಮತ್ತೆ ಆತನ ಶಿಷ್ಯ ಜಾನ್ ಟರ್ನರ್ 1979ರಲ್ಲಿ ಬರೆದಿದ್ದೂ ಇದನ್ನೇ, ಮನುಷ್ಯ ತನ್ನ ಗುಂಪನ್ನ ಲೋಕದ ಎಲ್ಲ ಗುಂಪುಗಳ ಜೊತೆ ಹೋಲಿಸ್ಕೊಳ್ಳಲ್ಲ, ಹೋಲಿಕೆಗೆ ಯೋಗ್ಯ ಅನ್ನಿಸೋ, ಹತ್ರದ, ತನ್ನಂಥದೇ ಇನ್ನೊಂದು ಗುಂಪಿನ ಜೊತೆ ಹೋಲಿಸ್ಕೊಳ್ತಾನೆ. ಎದುರುಮನೆಯವ್ರು ಬೈಕ್ ತಗೊಂಡ್ರೆ ಹೊಟ್ಟೆ ಉರೀತದೆ, ಬೆಂಗಳೂರಲ್ಲಿ ಯಾರೋ ವಿಮಾನ ತಗೊಂಡ್ರೆ ನಮಗೇನು.

ಇನ್ನೊಂದನ್ನೂ ಬರೀಬೇಕು, ಇಲ್ಲಾಂದ್ರೆ ಸುಳ್ಳಾಗ್ತದೆ. "ಅವರ ಭತ್ತನೂ ಒಣಗ್ಲಿ" ಅಂದಾಗ ನನಗೂ ಒಳಗೊಳಗೇ ತಂಪು ಅನ್ನಿಸ್ತು.

ಬ್ರಿಸ್ಟಲ್ ಹುಡುಗರು ಮತ್ತು ನಮ್ಮ ದೊಡ್ಡಪ್ಪ

ತಾಜ್‌ಫೆಲ್ 1967ರಲ್ಲಿ ಬ್ರಿಸ್ಟಲ್ ಯೂನಿವರ್ಸಿಟಿಗೆ ಪ್ರೊಫೆಸರ್ ಆಗಿ ಹೋದ. ಅಲ್ಲಿ ಮಾಡಿದ ಪ್ರಯೋಗದಿಂದಲೇ ಇವತ್ತು ಆತನ ಹೆಸರು ಪಠ್ಯದಲ್ಲಿರೋದು, 1970, 71ರಲ್ಲಿ ಪ್ರಕಟ ಆಗಿದ್ದು. 14-15 ವರ್ಷದ ಸ್ಕೂಲು ಹುಡುಗರು, ಮೊದಲ ಸಲ 64 ಜನ. ಪರದೆ ಮೇಲೆ ಚುಕ್ಕಿ ತೋರಿಸಿ ಎಷ್ಟಿವೆ ಅಂತ ಅಂದಾಜು ಕೇಳೋದು, ಆಮೇಲೆ ನೀನು ಹೆಚ್ಚು ಅಂದಾಜು ಮಾಡೋರ ಗುಂಪು, ನೀನು ಕಡಿಮೆ ಅಂದಾಜು ಮಾಡೋರ ಗುಂಪು ಅಂತ ಹೇಳೋದು. ಹೇಳಿದ್ದು ಸುಳ್ಳು, ಗುಂಪು ಹಾಕಿದ್ದು ಸುಮ್ನೆ ಹೆಂಗೋ. ಎರಡನೇ ಪ್ರಯೋಗದಲ್ಲಿ 48 ಹುಡುಗರು, ಅಲ್ಲಿ ಕ್ಲೀ ಅನ್ನೋ ಚಿತ್ರಕಾರನ ಚಿತ್ರ ಇಷ್ಟವೋ ಕ್ಯಾಂಡಿನ್ಸ್ಕಿದು ಇಷ್ಟವೋ ಅನ್ನೋ ನೆಪ. ತಮ್ಮ ಗುಂಪಲ್ಲಿ ಯಾರಿದ್ದಾರೆ ಅಂತ ಹುಡುಗರಿಗೆ ಗೊತ್ತಿಲ್ಲ, ಬರೀ ನಂಬರು. ಆಮೇಲೆ ಒಬ್ಬೊಬ್ಬನೇ ಕುಂತು ಒಂದು ಪಟ್ಟಿ ನೋಡಿ ಪಾಯಿಂಟ್ ಹಂಚಬೇಕು, ಒಂದು ಪಾಯಿಂಟಿಗೆ ಒಂದು ಪೆನ್ನಿಯ ಹತ್ತನೇ ಒಂದು ಭಾಗ. ತನಗೆ ತಾನು ಕೊಟ್ಕೊಳ್ಳೋ ಹಂಗಿಲ್ಲ.

ಆ ಪಟ್ಟಿಯಲ್ಲಿ ಒಂದರ ಕಥೆ ಹೇಳ್ತೀನಿ. ಹದಿಮೂರು ಜೋಡಿ. ಒಂದು ತುದಿಗೆ ನಿನ್ನ ಗುಂಪಿನವನಿಗೆ 19, ಆ ಗುಂಪಿನವನಿಗೆ 25. ನಡುವೆ 13-13. ಇನ್ನೊಂದು ತುದಿಗೆ ನಿನ್ನವನಿಗೆ 7, ಆ ಕಡೆಯವನಿಗೆ 1. ನಿನ್ನವನಿಗೆ ಜಾಸ್ತಿ ದುಡ್ಡು ಬೇಕಂದ್ರೆ 19ಕ್ಕೆ ಹೋಗಬೇಕು, ಆದ್ರೆ ಅಲ್ಲಿ ಆ ಕಡೆಯವನಿಗೆ 25 ಸಿಕ್ಕಿಬಿಡ್ತದೆ. ಹುಡುಗರು 19ರ ತುದಿಗೆ ಹೋಗ್ಲಿಲ್ಲ. ಹಂಗಂತ ಪೂರ್ತಿ 7ರ ತುದಿಗೂ ಓಡ್ಲಿಲ್ಲ, ಸಮಪಾಲಿನ ಹತ್ರ ನಿಂತು, ಅಲ್ಲಿಂದ ತಮ್ಮವನು ಒಂಚೂರು ಮುಂದಿರೋ ಕಡೆಗೆ ವಾಲಿದ್ರು, ತಮ್ಮವನಿಗೆ ಬರೋ ದುಡ್ಡು ಕಮ್ಮಿಯಾದ್ರೂ ಚಿಂತಿಲ್ಲ ಅಂತ. ತಾಜ್‌ಫೆಲ್ ಇದನ್ನ ಶುರು ಮಾಡಿದ್ದೇ ಬೇರೆ ಲೆಕ್ಕದಲ್ಲಿ, ಇಷ್ಟು ಪೊಳ್ಳು ಗುಂಪು ಮಾಡಿದ್ರೆ ಯಾವ ಭೇದಭಾವವೂ ಕಾಣಲ್ಲ, ಆಮೇಲೆ ಒಂದೊಂದೇ ಕಾರಣ ಸೇರಿಸ್ತಾ ಹೋಗೋಣ, ಎಲ್ಲಿ ಭೇದ ಶುರುವಾಗ್ತದೆ ನೋಡೋಣ ಅಂತ. ಖಾಲಿ ಪಾತ್ರೆಯಲ್ಲೇ ಉಕ್ಕು ಬಂತು.

ಇಲ್ಲಿ ಒಂದು ತಕರಾರು ನನ್ನದೇ ಇದೆ. ನಮ್ಮ ದೊಡ್ಡಪ್ಪನನ್ನ ಆ ಬ್ರಿಸ್ಟಲ್ ಹುಡುಗರ ಪಕ್ಕ ಕುಂದ್ರಿಸಿ "ನೋಡ್ರಿ ಮನುಷ್ಯ ಸ್ವಭಾವ" ಅನ್ನೋದು ಸುಲಭ, ಆದ್ರೆ ಅನ್ಯಾಯ. ಆ ಹುಡುಗರಿಗೆ ಹಿಂದಿನ ವರ್ಷ ಅನ್ನೋದು ಇರ್ಲಿಲ್ಲ. ದೊಡ್ಡಪ್ಪನಿಗೆ ನಲವತ್ತು ಹಿಂದಿನ ವರ್ಷ ಇದಾವೆ. ಮೇಲಿನವ್ರಿಗೆ ಐದು ದಿನದ ನೀರು ಹೆಚ್ಚು ಸಿಕ್ಕರೆ ಮುಂದಿನ ವರ್ಷ ಇನ್ನಷ್ಟು ಹೊಲ ಭತ್ತ ಆಗ್ತದೆ, ಒಂದ್ಸಲ ಗದ್ದೆ ಆದ ಹೊಲ ತಿರುಗಿ ಜೋಳಕ್ಕೆ ಬರಲ್ಲ, ಆಮೇಲೆ ಆ ನೀರು ಅವ್ರ ಹಕ್ಕು ಆಗಿಬಿಡ್ತದೆ. ಇದು ಆತ ಕಣ್ಣಾರೆ ನೋಡಿದ್ದು. ಅಂದ್ರೆ "ಅವ್ರಿಗೆ ಸಿಗಬಾರ್ದು" ಅನ್ನೋದರಲ್ಲಿ ಅರ್ಧ ಹೊಟ್ಟೆಕಿಚ್ಚಾದ್ರೆ ಅರ್ಧ ಅನುಭವ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗ್ತದೆ ಅಂತ ಯೂರಿಯಾ ಬಿಲ್ಲಿನ ಹಿಂದೆ ಬರೆದು ತಿಳ್ಕೊಳ್ಳೋಕಾಗಲ್ಲ. ಮನಶ್ಶಾಸ್ತ್ರದವ್ರು ಈ ಅರ್ಧವನ್ನ ಬೇಗ ಮರೀತಾರೆ. ಹೊಟ್ಟೆಕಿಚ್ಚನ್ನ ಮರೆಯೋದು ಇಂಜಿನಿಯರ್‌ಗಳು, ಅವ್ರಿಗೆ ಎಲ್ಲಾ ಕ್ಯೂಸೆಕ್ಸಿನ ಕೊರತೆ. ಹಂಗಿದ್ರೆ ಡ್ಯಾಂ ತುಂಬಿ ಹರಿದ ವರ್ಷ ಜಗಳ ನಿಲ್ಲಬೇಕಿತ್ತು, ನಿಂತಿಲ್ಲ.

ಆ ಹಂಗಾಮಲ್ಲಿ ಏನಾಯ್ತು ಅಂದ್ರೆ ಮೀಟಿಂಗ್ ಆದ ಕೆಲವೇ ದಿನಕ್ಕೆ ರಾತ್ರಿ ಯಾರೋ ಮೇಲಿನ ಪೈಪ್ ಕೊಡ್ಲಿಯಿಂದ ಕಡಿದ್ರು, ಮರುದಿನ ಯಾರೋ ನಮ್ಮ ಕಡೆ ತೂಬಿನ ಬಾಯಿಗೆ ಕಲ್ಲು ತುಂಬಿದ್ರು, ಏರಿ ಮೇಲೆ ತಳ್ಳಾಟ, ಒಬ್ಬನ ತಲೆಗೆ ನಾಲ್ಕು ಹೊಲಿಗೆ, ಪೊಲೀಸ್ ಜೀಪು. ಮೆಣಸಿನಗಿಡ ಅರ್ಧಕ್ಕರ್ಧ ಹೋಯ್ತು. ಮೇಲಿನವ್ರ ಭತ್ತವೂ ಕಡೆಗೆ ಜೊಳ್ಳು ಬಂತು. ದೊಡ್ಡಪ್ಪ ಕೇಳಿದ್ದು ಎರಡೂ ಸಿಕ್ಕಂಗಾಯ್ತು.

ಟರ್ನರ್ ಜೊತೆ ಬರೆದ ಆ ಲೇಖನದಲ್ಲಿ ಇನ್ನೊಂದು ವಿಷಯ ಇದೆ, ಕೆಳಗೆ ಬಿದ್ದ ಗುಂಪಿನವ್ರು ಏನು ಮಾಡ್ತಾರೆ ಅಂತ. ಒಂದು, ಗುಂಪು ಬಿಟ್ಟು ಒಬ್ಬೊಬ್ಬರೇ ಎದ್ದು ಹೋಗ್ತಾರೆ. ನಮ್ಮಲ್ಲಿ ಇದಕ್ಕೆ ಹೊಸ ಹೆಸರು ಬೇಕಿಲ್ಲ, ಗುಳೆ. ದೀಪಾವಳಿ ಮುಗಿಯೋದೇ ತಡ ಬೆಂಗಳೂರು ಬಸ್ಸಿಗೆ ಗಂಟುಮೂಟೆ ಏರಿದ್ವು. ಎರಡು, ಹೋಲಿಕೆಯ ಅಳತೆಗೋಲನ್ನೇ ಬದಲಾಯಿಸ್ತಾರೆ. ನೀರಲ್ಲಿ ಸೋತರೂ ಗಟ್ಟಿತನದಲ್ಲಿ ನಾವೇ ಮೇಲು, ಅವ್ರು ಅನ್ನ ತಿನ್ನೋರು, ನಾವು ಜೋಳದ ರೊಟ್ಟಿ ತಿಂದೋರು, ಅವ್ರಿಗೆ ಶುಗರ್ರು ಬಿಪಿ, ನಮಗೆ ಏನೂ ಇಲ್ಲ. ಇದನ್ನ ನಾನು ಚಿಕ್ಕಂದಿನಿಂದ ಕೇಳಿದೀನಿ, ನಂಬಿದೀನಿ ಕೂಡ, ನಮ್ಮ ಮನೆಯಲ್ಲಿ ಇಬ್ಬರಿಗೆ ಶುಗರ್ ಇದೆ. ಮೂರು, ನೇರ ಎದುರು ನಿಲ್ತಾರೆ, ರಸ್ತೆ ತಡೆ, ಕೊಡ್ಲಿ. ಮೂರೂ ಒಂದೇ ಹಂಗಾಮಲ್ಲಿ, ಒಂದೇ ಓಣಿಯಲ್ಲಿ ನಡೆದ್ವು.

ಯಾರಾಕಿ ನಾನು

ಎರಡನೇ ಮೀಟಿಂಗು 2024ರ ಫೆಬ್ರವರಿ. ಅದೇ ಕಟ್ಟೆ. ಗಂಡಸರು ಎರಡು ಸಾಲು, ನಡುವೆ ಖಾಲಿ ಜಾಗ. ಈ ಸಲ ನಮ್ಮೂರಿನ ನಾಟಿ ಗುಂಪಿನ ಮುಂದಾಳು ಒಬ್ಬಾಕಿ ಬಂದು ಗುಡಿ ಮೆಟ್ಟಿಲ ಮೇಲೆ ಕುಂತಿದ್ಲು. ಆಕಿಗೆ ಕಾಲುವೆ ಕೆಳಗೆ ಒಂದು ಗುಂಟೆ ಹೊಲ ಇಲ್ಲ, ಹಂಗಾಗಿ ಆಕಿ ಈ ಲೆಕ್ಕದಲ್ಲಿ ಮೇಲಿನಾಕಿನೂ ಅಲ್ಲ ಕೆಳಗಿನಾಕಿನೂ ಅಲ್ಲ. ನಾವು 'ನಾವು ಕೆಳಗಿನವ್ರು' ಅಂತ ಕೂಗೋವಾಗ ಆ 'ನಾವು' ಒಳಗೆ ಆಕಿ ಓಣಿಯವ್ರನ್ನ ಯಾರೂ ಎಣಿಸಿರ್ಲಿಲ್ಲ ಅನ್ನೋದು ನನಗೆ ಆಕಿ ಎದ್ದು ನಿಂತಾಗಲೇ ಹೊಳೆದಿದ್ದು, ನಾಚಿಕೆ ವಿಷಯ.

"ಗೌಡ್ರ, ತಪ್ಪ ತಿಳೀಬ್ಯಾಡ್ರಿ. ಶ್ರಾವಣದಾಗ ಮ್ಯಾಲಿನವ್ರ ಗದ್ದಿಯೊಳಗ ಮಣಕಾಲತನ ಕೆಸರಾಗ ನಿಂತು ನಾಟಿ ಹಚ್ತೀನಿ. ದೀಪಾವಳಿ ಆದಮ್ಯಾಲ ನಿಮ್ಮ ಹೊಲದಾಗ ಹತ್ತಿ ಬಿಡಿಸ್ತೀನಿ, ಮೆಣಸಿನಕಾಯಿ ಹರೀತೀನಿ. ಅಲ್ಲಿ ನೀರಿಲ್ಲಂದ್ರೂ ನನ್ನ ಕೂಲಿ ಹೋತು, ಇಲ್ಲಿ ನೀರಿಲ್ಲಂದ್ರೂ ನನ್ನ ಕೂಲಿ ಹೋತು. ನಾನು ಯಾರಾಕಿ ಹೇಳ್ರಿ? ಈ ವರ್ಷ ಟಂಟಂ ತುಂಬಾ ನಲವತ್ತು ಹೆಣ್ಮಕ್ಕಳು ಖಾಲಿ ಕುಂತೀವಿ. ನಿಮ್ಮ ಗಂಡಸುತನ ಆಮ್ಯಾಲ, ಮೊದಲು ಆ ಜೊಂಡು ತಗಸ್ರಿ."

ಯಾರೂ ಮಾತಾಡ್ಲಿಲ್ಲ. ಮೇಲಿನ ಸಾಲಿನಿಂದ ಒಬ್ಬ ಹಿರಿಯರು, "ಯವ್ವಾ ನೀ ನಮ್ಮ ಗದ್ದಿಗೆ ಎಷ್ಟ್ ವರ್ಷ ಆತು ಬರಾಕತ್ತಿ" ಅಂದ್ರು. "ನಿಮ್ಮ ಮಗನ ಮದುವಿ ಆದ ವರ್ಷದಿಂದ." ಆಮೇಲೆ ಮಾತು ಮಗನ ಮದುವೆಗೆ ಹೋಯ್ತು, ಅಲ್ಲಿಂದ ವಂತಿಗೆಗೆ ಬಂತು. ಯಾವ ತತ್ವವೂ ಗೆದ್ದಿದ್ದಲ್ಲ. ಎರಡೂ ಕಡೆ ಕಾಲಿಟ್ಟ ಒಂದು ಜೀವ ಎದುರಿಗೆ ನಿಂತಾಗ ನಡುವಿನ ಗೆರೆ ಸ್ವಲ್ಪ ಅಳಿಸ್ತು. ಒಂದು ವಿಭಾಗದಲ್ಲಿ ಬೇರೆ ಆದವ್ರು ಇನ್ನೊಂದರಲ್ಲಿ ಒಂದೇ ಆಗಿದ್ರೆ ಭೇದದ ಮೊನೆ ಮೊಂಡಾಗ್ತದೆ ಅಂತ ತಾಜ್‌ಫೆಲ್ ದಾರಿಯಲ್ಲಿ ಬಂದ ಯುರೋಪಿನ ಸಂಶೋಧಕರು ಆಮೇಲೆ ತೋರಿಸಿದ್ದೂ ಉಂಟು, ಆಕಿಗೆ ಅದು ಬೇಕಾಗಿರ್ಲಿಲ್ಲ. ಪೈಪು ಕೀಳೋದು, ಹೂಳು ತೆಗೆಯೋದು ಎರಡೂ ಒಟ್ಟಿಗೆ ಅಂತ ಬರ್ಕೊಂಡೆ, ಹದಿನೆಂಟು ಸಹಿ, ಆರು ಹೆಬ್ಬೆಟ್ಟು.

ಮೇ ತಿಂಗಳು, ಕಾಲುವೆ ಒಣಗಿದಾಗ ಜೆಸಿಬಿ ಇಳೀತು. ಮೊದಲ ದಿನ ಊಟ ಬೇರೆ ಬೇರೆ, ಅವ್ರದ್ದು ಬ್ರಿಜ್ ಆ ಕಡೆ ಬೇವಿನ ಗಿಡದ ಕೆಳಗೆ ಅನ್ನ ಸಾರು, ನಮ್ಮದು ಈ ಕಡೆ ರೊಟ್ಟಿ, ಪುಂಡಿಪಲ್ಯ. ಮೂರನೇ ದಿನ ಬ್ರಿಜ್ ಹತ್ರವೇ ಜೆಸಿಬಿ ಹೂಳಲ್ಲಿ ಹೂತು ಕುಂತಿತು, ಎರಡೂ ಕಡೆ ಟ್ರ್ಯಾಕ್ಟರ್ ತಂದು ಸರಪಳಿ ಕಟ್ಟಿ ಎಳೆಯೋದ್ರೊಳಗೆ ಮಧ್ಯಾಹ್ನ ಮೂರು ಗಂಟೆ, ಹಸಿವಿಗೆ ಯಾರ ಬುತ್ತಿ ಯಾರು ತಿಂದ್ರೋ. ನನಗೆ ನಗು ಬಂತು. ಮುಜಾಫರ್ ಶೆರಿಫ್ ಅನ್ನೋ ಇನ್ನೊಬ್ಬ ಸಾಮಾಜಿಕ ಮನೋವಿಜ್ಞಾನಿ 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ, ರಾಬರ್ಸ್ ಕೇವ್ ಅನ್ನೋ ಕಾಡಿನ ಶಿಬಿರದಲ್ಲಿ 22 ಹುಡುಗರನ್ನ ಎರಡು ಗುಂಪು ಮಾಡಿ, ಆಟದಲ್ಲಿ ಪೈಪೋಟಿಗೆ ಹಚ್ಚಿ ಜಗಳ ತರಿಸಿ, ಆಮೇಲೆ ಒಂದು ಮಾಡೋಕೆ ಹೂಡಿದ ಉಪಾಯಗಳಲ್ಲಿ ಎರಡು ಇವೇ. ಕುಡಿಯೋ ನೀರಿನ ಟ್ಯಾಂಕಿನ ನಲ್ಲಿಗೆ ಗೋಣಿ ತುಂಡು ತುರುಕಿ ನೀರು ನಿಲ್ಲಿಸಿದ್ದು, ಊಟ ತರೋ ಲಾರಿ ಸ್ಟಾರ್ಟ್ ಆಗ್ದಂಗೆ ನಾಟಕ ಮಾಡಿ ಎಲ್ಲರ ಕೈಲಿ ಹಗ್ಗ ಹಿಡಿಸಿ ಎಳೆಸಿದ್ದು. ಬರೀ ಜೊತೆಗೆ ಕುಂತು ಉಂಡದ್ದರಿಂದ ಆ ಹುಡುಗರು ಒಂದಾಗಿರ್ಲಿಲ್ಲ, ಅನ್ನ ಎರಚಾಡಿದ್ರು. ಇಬ್ಬರಿಂದಲೂ ಒಬ್ಬೊಬ್ಬರಾಗಿ ಆಗದ ಕೆಲಸ ಬಂದಾಗಲೇ ಕೈ ಸೇರಿದ್ದು. ನಮ್ಮಲ್ಲಿ ನಾಟಕ ಬೇಕಾಗ್ಲಿಲ್ಲ, ಜೆಸಿಬಿ ನಿಜವಾಗ್ಲೂ ಹೂತಿತ್ತು.

ಹತ್ತೊಂಬತ್ತನೇ ಗೇಟು

2024ರ ಜುಲೈ, ಆಗಸ್ಟ್ ಒಳ್ಳೇ ಮಳೆ. ಡ್ಯಾಂ ತುಂಬಿ ತುಳುಕ್ತಿತ್ತು, 105 ಟಿಎಂಸಿ. ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಬೆಳಗ್ಗೆ ಎದ್ದು ಫೋನ್ ನೋಡಿದ್ರೆ ಎಲ್ಲಾ ಅದೇ ವಿಡಿಯೋ, ನೀರು ಹೊಗೆ ಹಂಗೆ ಏಳ್ತಿದೆ. ನಾಟಿ ಆಗಿತ್ತು, ಹತ್ತಿ ಮೊಣಕಾಲುದ್ದ ಇತ್ತು. ಅರ್ಧ ಡ್ಯಾಂ ಖಾಲಿ ಆಗದೆ ಹೊಸ ಗೇಟು ಕೂರಿಸೋಕಾಗಲ್ಲ ಅನ್ನೋ ಸುದ್ದಿ. ಆ ವಾರ ನಮ್ಮ ಉಪಕಾಲುವೆ ಮೇಲೆ ಮೇಲಿನವ್ರು ಕೆಳಗಿನವ್ರು ಅನ್ನೋ ಶಬ್ದವೇ ನನ್ನ ಕಿವಿಗೆ ಬೀಳ್ಲಿಲ್ಲ. ತಲೆಗೆ ನಾಲ್ಕು ಹೊಲಿಗೆ ಬಿದ್ದಿದ್ದವನು, ಹೊಲಿಗೆ ಬೀಳೋಕೆ ಕಾರಣ ಆದವನು ಒಂದೇ ಬೈಕ್ ಮೇಲೆ ಡ್ಯಾಂ ನೋಡೋಕೆ ಹೊಸಪೇಟೆಗೆ ಹೋಗಿ ಬಂದ್ರು. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್, ಅಂದ್ರೆ ತಾತ್ಕಾಲಿಕ ತಡೆಗೇಟು, ಇಳಿಸಿ ಒಂದು ವಾರದೊಳಗೆ ಹರಿವು ನಿಲ್ಲಿಸಿದ್ರು, ಡ್ಯಾಂ ಗೇಟಿನ ಪರಿಣತರು ಕನ್ನಯ್ಯ ನಾಯ್ಡು ಅವ್ರ ಹೆಸರು ಮನೆ ಮನೆಯಲ್ಲಿ, ಆಮೇಲೆ ಮಳೆ ಬಂದು ಮತ್ತೆ ಡ್ಯಾಂ ತುಂಬ್ತು.

ಇಲ್ಲಿಗೆ ನಿಲ್ಲಿಸಿದ್ರೆ ಪ್ರಕರಣ ಸಿನಿಮಾ ಆಗ್ತಿತ್ತು. ಆದ್ರೆ ಅದೇ ವಾರ ಹೋಟೆಲಲ್ಲಿ ಕೇಳಿದ ಮಾತುಗಳನ್ನೂ ಬರ್ಕೊಂಡಿದ್ದೆ. "ನಾವು ಎಡದಂಡಿಯವ್ರು ಸಾಯ್ತೀವಿ, ಆ ಬಲದಂಡಿಯವ್ರಿಗೆ ಏನೂ ಆಗಂಗಿಲ್ಲ ನೋಡು." "ಆಂಧ್ರದವ್ರಿಗೆ ಪುಕ್ಕಟ ನೀರು ಹೋತು." ಹೇಳಿದವ್ರಲ್ಲಿ ಒಬ್ಬ ಬ್ರಿಜ್ ಮೇಲಿನವ, ಒಬ್ಬ ಕೆಳಗಿನವ, ಒಬ್ಬರ ಮಾತಿಗೊಬ್ಬರು ಹೂಂಗುಟ್ಟತಿದ್ರು. ಬ್ರಿಜ್ ಅಳಿಸಿರ್ಲಿಲ್ಲ, ಎತ್ತಿ ನದಿ ನಡುವೆ ಇಟ್ಟಿದ್ವಿ ಅಷ್ಟೇ. ಬಲದಂಡೆಯಲ್ಲೂ ಕೊನೆ ಭಾಗ ಇದೆ, ಅಲ್ಲೂ ಒಬ್ಬ ದೊಡ್ಡಪ್ಪ ಇರ್ತಾನೆ ಅಂತ ನಾನು ಹೇಳೋಕೆ ಹೋದೆ, "ನೀ ಯಾರ ಕಡಿಯವನೋ" ಅಂದ್ರು, ಸುಮ್ನಾದೆ.

ಹಂಗೆ ಸುಮ್ನಾಗೋದು ಕಲಿತ ಜನರಲ್ಲೂ ಇದೆ. ತಾಜ್‌ಫೆಲ್ 1982ರಲ್ಲಿ ತೀರ್ಕೊಂಡ. ಆತ ತನ್ನ ಜೊತೆಗಿದ್ದ ಹೆಣ್ಣುಮಕ್ಕಳ ಜೊತೆ ನಡ್ಕೊಂಡ ರೀತಿ ಬಗ್ಗೆ ಆ ವಲಯದಲ್ಲಿ ವರ್ಷಗಟ್ಟಲೆ ಗುಸುಗುಸು ಇತ್ತು, ಬಹಿರಂಗವಾಗಿ ಚರ್ಚೆಗೆ ಬಂದ ಮೇಲೆ 2019ರಲ್ಲಿ ಯುರೋಪಿನ ಸಾಮಾಜಿಕ ಮನೋವಿಜ್ಞಾನಿಗಳ ಸಂಘ ತನ್ನ ಪ್ರಶಸ್ತಿಯಿಂದ ಆತನ ಹೆಸರು ತೆಗೀತು. 'ನಮ್ಮವ್ರು' ಅನ್ನೋ ಭಾವನೆ ಬಗ್ಗೆ ಲೋಕಕ್ಕೆ ಪಾಠ ಹೇಳಿದ ಗುಂಪೇ ನಮ್ಮವ್ರು ಅಂತ ಅಷ್ಟು ದಿನ ಬಾಯಿ ಮುಚ್ಚಿತ್ತು. ನಾನು ಈಗ ಪಾಠ ಮಾಡೋವಾಗ ಇದನ್ನೂ ಸೇರಿಸ್ತೀನಿ, ಪರೀಕ್ಷೆಗೆ ಬರಲ್ಲ, ಹುಡುಗರು ಬರ್ಕೊಳ್ಳಲ್ಲ.

ಈಗ ಬ್ರಿಜ್ ಕಲ್ಲಿಗೆ ಬಿಳಿ ಬಣ್ಣ ಬಳಿದು ಅಡಿ, ಇಂಚು ಗೆರೆ ಹಾಕಿದಾರೆ. ಒಂಬತ್ತೂ ಊರಿನವ್ರು ಇರೋ ಒಂದು ವಾಟ್ಸಾಪ್ ಗ್ರೂಪ್ ಇದೆ, ದಿನಾ ಬೆಳಗ್ಗೆ ದೊಡ್ಡಪ್ಪ ಹೋಗಿ ಗೇಜ್ ನೋಡಿ ಅದರಲ್ಲಿ ಹಾಕ್ತಾನೆ, ಒಂದು ದಿನ ತಪ್ಪಿಸಲ್ಲ. ನಾಲ್ಕೇ ಊರಿನವ್ರು ಇರೋ ಹಳೇ ಗ್ರೂಪೂ ಹಂಗೇ ಇದೆ, ಯಾರೂ ಡಿಲೀಟ್ ಮಾಡಿಲ್ಲ. ಮೊನ್ನೆ ದೊಡ್ಡ ಗ್ರೂಪಲ್ಲಿ ಆತನ ಮೆಸೇಜು: "ಇವತ್ತಿನ ಗೇಜ್ 2 ಅಡಿ 1 ಇಂಚು, ನಮಸ್ಕಾರ." ಎರಡು ನಿಮಿಷಕ್ಕೆ ಹಳೇ ಗ್ರೂಪಲ್ಲಿ: "2-1 ಐತಿ. ನಿನ್ನಿ 2-3 ಇತ್ತು. ರಾತ್ರಿ ಎತ್ತ್ಯಾರ ಅನಸ್ತೈತಿ ಮಕ್ಕಳು." ಅಷ್ಟರಲ್ಲಿ ದೊಡ್ಡ ಗ್ರೂಪಿಗೆ ಮೇಲಿನ ಬೀಗರು ಒಂದು ಫೋಟೋ ಹಾಕಿದ್ರು, ಅವ್ರ ತೂಬಿನ ಮುಂದೆ ಜೊಂಡು ಬಂದು ಅಡ್ಡ ಸಿಕ್ಕೊಂಡು ನೀರು ಕಟ್ಟಿ ನಿಂತಿದೆ, ಕೆಳಗೆ ಬರೆದಿದ್ರು, "ಒಬ್ರೇ ಎಳೆಯಾಕ ಆಗವಲ್ದು, ಯಾರರ ಬರ್ರಿ." ದೊಡ್ಡಪ್ಪ ಅದನ್ನ ನೋಡಿದ, ಏನೂ ಬರೀಲಿಲ್ಲ, ಕುಡುಗೋಲು ತಗೊಂಡು ಹೋದ.